ಗಾಳಿಯನ್ನೇ ಉಸಿರಾಡುವ ಎಂಜಿನ್
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಂಕಿ ಉರಿಯಲು ಗಾಳಿ ಬೇಕು. ಅದೇ ಗಾಳಿ ಜೋರಾದರೆ ದೀಪ ಆರುತ್ತದೆ. ಇಂದು ನಾನು ಹೇಳಹೊರಟಿರುವ ಎಂಜಿನ್ನಿನ ಕಷ್ಟವೆಲ್ಲ ಈ ಎರಡು ಮಾತುಗಳಲ್ಲಿದೆ.

ರಾಕೆಟ್ಟು ಇಂಧನದ ಜೊತೆಗೆ ಅದನ್ನು ಉರಿಸುವ ಆಮ್ಲಜನಕವನ್ನೂ ಹೊತ್ತೊಯ್ಯುತ್ತದೆ. ದಾರಿಯಲ್ಲಿ ಸಿಗುವ ಗಾಳಿಯನ್ನೇ ಬಳಸಿದರೆ ಆ ದೊಡ್ಡ ಹೊರೆ ಇಳಿಯುತ್ತದೆ. ಜೆಟ್ ವಿಮಾನಗಳು ಮಾಡುವುದು ಇದನ್ನೇ. ಆದರೆ ಶಬ್ದದ ಐದು ಪಟ್ಟು ವೇಗವನ್ನು ಮೀರಿದ ಹೈಪರ್‌ಸಾನಿಕ್ ಹಾರಾಟದಲ್ಲಿ, ಒಳಬಂದ ಗಾಳಿಯನ್ನು ತಡೆದು ನಿಧಾನಗೊಳಿಸಿದರೆ ಅದು ವಿಪರೀತ ಕಾಯುತ್ತದೆ. ಆದ್ದರಿಂದ ಸ್ಕ್ರಾಮ್‌ಜೆಟ್ ಎಂಜಿನ್ನಿನೊಳಗೂ ಗಾಳಿ ಶಬ್ದಕ್ಕಿಂತ ವೇಗವಾಗಿಯೇ ಹರಿಯುತ್ತದೆ. ಇಂಧನ ಬೆರೆತು, ಹೊತ್ತಿ, ಉರಿಯಲು ಸಿಗುವುದು ಸೆಕೆಂಡಿನ ಸಾವಿರದ ಕೆಲವೇ ಭಾಗ! ಅಲ್ಲದೆ, ನಿಂತಲ್ಲಿಂದ ಇದು ಹೊರಡಲಾರದು. ಮೊದಲು ರಾಕೆಟ್ಟೊಂದು ಆ ವೇಗಕ್ಕೆ ಮುಟ್ಟಿಸಬೇಕು.

2001ರ ಜೂನ್‌ನಲ್ಲಿ ನಾಸಾದ ಎಕ್ಸ್-43ಎ ವಿಮಾನವನ್ನು ಒಯ್ಯುತ್ತಿದ್ದ ರಾಕೆಟ್ಟು ಹತೋಟಿ ತಪ್ಪಿತು. ಅದನ್ನು ಸಮುದ್ರದ ಮೇಲೆಯೇ ನಾಶಪಡಿಸಬೇಕಾಯಿತು. ಎಂಜಿನ್ ಹೊತ್ತಿಸುವ ಅವಕಾಶವೇ ಬರಲಿಲ್ಲ. ಗಮನಿಸಿ: ಕೆಟ್ಟದ್ದು ಎಂಜಿನ್ ಅಲ್ಲ, ಅದನ್ನು ಒಯ್ದ ವಾಹನ. ವಿಜ್ಞಾನಿಗಳು ಕಾರಣ ಹುಡುಕಿ ತಿದ್ದಿದರು. 2004ರ ಮಾರ್ಚ್‌ನಲ್ಲಿ ಎಂಜಿನ್ ಹೊತ್ತಿತು. ಅದೇ ನವೆಂಬರ್‌ನಲ್ಲಿ ವಿಮಾನ ಶಬ್ದದ ಸುಮಾರು 9.6 ಪಟ್ಟು ವೇಗ ಮುಟ್ಟಿತು. ಎಂಜಿನ್ ಉರಿದದ್ದು ಹತ್ತು ಸೆಕೆಂಡಿನಷ್ಟು ಮಾತ್ರ.

ನಮ್ಮ ದೇಶದ ಲೆಕ್ಕವೂ ಸೆಕೆಂಡುಗಳದ್ದೇ. 2016ರ ಆಗಸ್ಟ್ 28ರಂದು ಇಸ್ರೋ ಶ್ರೀಹರಿಕೋಟಾದಿಂದ ನಡೆಸಿದ ಹಾರಾಟದಲ್ಲಿ ಸುಮಾರು 5 ಸೆಕೆಂಡು. 2020ರ ಸೆಪ್ಟೆಂಬರ್ 7ರಂದು ಡಿ.ಆರ್.ಡಿ.ಓ. ನಡೆಸಿದ ಹಾರಾಟದಲ್ಲಿ 20 ಸೆಕೆಂಡಿಗೂ ಹೆಚ್ಚು. 2025ರ ಏಪ್ರಿಲ್‌ನಲ್ಲಿ ಹೈದರಾಬಾದಿನ ನೆಲದ ಪರೀಕ್ಷೆಯಲ್ಲಿ ದಹನ ಕೋಷ್ಠ ಸಾವಿರ ಸೆಕೆಂಡು ದಾಟಿತು.

2020ರ ಆ ಹಾರಾಟ ಹೊರಟದ್ದು ಒಡಿಶಾದ ಡಾ. ಅಬ್ದುಲ್ ಕಲಾಂ ದ್ವೀಪದಿಂದ. ಪೈಲಟ್ ಆಗುವ ಆಸೆಯಿದ್ದ ಕಲಾಂ ಅವರು ವಾಯುಪಡೆಯ ಆಯ್ಕೆಯಲ್ಲಿ ಎಂಟು ಸ್ಥಾನಗಳಿಗೆ ಒಂಬತ್ತನೆಯವರಾಗಿ ಉಳಿದಿದ್ದರು.

ವಿದ್ಯಾರ್ಥಿಗಳೇ, ಪಿ.ಯು.ಸಿ.ಯಲ್ಲಿ ಗಣಿತ ಕೈಕೊಟ್ಟರೆ ಪುಸ್ತಕ ಮುಚ್ಚಬೇಡಿ. ಹಿರಿಯರೇ, ನಪಾಸಾದ ಹುಡುಗನನ್ನು ಗ್ಯಾರೇಜಿಗೆ ಕಳಿಸುವ, ಹುಡುಗಿಗೆ ಸಂಬಂಧ ನೋಡುವ ಮುನ್ನ ಒಮ್ಮೆ ಕೇಳಿಕೊಳ್ಳಿ: ಕೆಟ್ಟದ್ದು ಎಂಜಿನ್ನೇ, ಅಥವಾ ನಾವು ಒದಗಿಸಿದ ವಾಹನವೇ? ಒಂದು ವರ್ಷದ ಟ್ಯೂಷನ್, ಓದಲು ಶಾಂತವಾದ ಒಂದು ಮೂಲೆ, ಇಷ್ಟು ಸಿಕ್ಕರೆ ಎಷ್ಟೋ ಮಕ್ಕಳಲ್ಲಿ ಬೆಂಕಿ ಹೊತ್ತುತ್ತದೆ. ಅದನ್ನು ಒದಗಿಸುವುದು ಈ ಸಂಸ್ಥೆಯ ಕೆಲಸವಾಗಲಿ.

ಅಲ್ಲಾಹನು ನಮ್ಮೆಲ್ಲರಿಗೂ ಉಪಯುಕ್ತವಾದ ಜ್ಞಾನವನ್ನು ಕರುಣಿಸಲಿ. ಆಮೀನ್.