ಹಲಸಿನ ದಾಯಾದಿ



ಮಲೆನಾಡಿನ ಹಿತ್ತಲಿಗೆ ಹೋದವರಿಗೆ ಮೊದಲು ಕಾಣುವುದು ಹಲಸಿನ ಮರ. ಅದೇ ಹಿತ್ತಲಿನ ಬಾವಿಕಟ್ಟೆಯ ಒದ್ದೆ ಕಲ್ಲಿಗೆ ಅಂಟಿಕೊಂಡ ಮಾರ್ಕಾಂಶಿಯ ಎಂಬ ಲಿವರ್‌ವರ್ಟ್ ಕಾಣಬೇಕಾದರೆ ಮೊಣಕಾಲೂರಬೇಕು. ಮನೆಯವರು ಅದನ್ನು ಪಾಚಿಯೆಂದೇ ಕೆರೆದು ಎಸೆಯುತ್ತಾರೆ. ಹಲಸು ಕಾಂಡದಲ್ಲೇ ಮೂವತ್ತು ಕಿಲೋ ತೂಗುವ ಹಣ್ಣು ಹೊರಬಲ್ಲದು. ಮಾರ್ಕಾಂಶಿಯಕ್ಕೆ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಅದೊಂದು ಚಪ್ಪಟೆ ಹಸಿರು ಹಾಳೆ. ಹಾಗಾಗಿ ಒಂದು ಮೇಲ್ದರ್ಜೆಯ ಸಸ್ಯ, ಇನ್ನೊಂದು ಕೆಳದರ್ಜೆಯ ಸಸ್ಯ ಎಂದು ನಾವು ಪಾಠ ಹೇಳುತ್ತ ಬಂದೆವು. ಆ ದರ್ಜೆಯ ಮಾತನ್ನು ಈ ಸಂಕಿರಣದ ಹೊಸ್ತಿಲಲ್ಲೇ ಬಿಟ್ಟು ಒಳಬರೋಣ ಎಂಬುದು ನನ್ನ ಆಶಯ.

ಸಸ್ಯಗಳು ನೆಲಕ್ಕೆ ಕಾಲಿಟ್ಟು ಸುಮಾರು 47 ಕೋಟಿ ವರ್ಷಗಳಾದವು. ಆ ಮೂಲದಿಂದ ಕವಲೊಡೆದ ಎರಡೂ ವಂಶಗಳು ಅಷ್ಟೇ ಕಾಲ ಬಾಳಿವೆ, ಅಷ್ಟೇ ಬದಲಾಗುತ್ತ ಬಂದಿವೆ. ಮಾರ್ಕಾಂಶಿಯವನ್ನು ಹಲಸಿನ ಅಜ್ಜಿ ಎನ್ನುವುದು ತಪ್ಪು, ಅದು ದಾಯಾದಿ.

ಈ ದಾಯಾದಿಗಳ ಬಾಳುವೆ ತಲೆಕೆಳಗಾದದ್ದು ನನಗೆ ಇಂದಿಗೂ ಬೆರಗು. ನಾವು ಹಲಸು ಎಂದು ಕರೆಯುವ ಇಡೀ ಮರ ಸ್ಪೋರೋಫೈಟ್, ಅಂದರೆ ಬೀಜಕ ಕೊಡುವ ಪೀಳಿಗೆ. ಅದರ ಗ್ಯಾಮಿಟೋಫೈಟ್, ಅಂದರೆ ಲಿಂಗಾಣು ಕೊಡುವ ಪೀಳಿಗೆ, ಪರಾಗದಲ್ಲಿ, ಅಂಡಕದಲ್ಲಿ ಕೆಲವೇ ಕೋಶಗಳಾಗಿ ಅಡಗಿದೆ. ಮಾರ್ಕಾಂಶಿಯದಲ್ಲಿ ಆ ಹಸಿರು ಹಾಳೆಯೇ ಗ್ಯಾಮಿಟೋಫೈಟ್. ಸ್ಪೋರೋಫೈಟ್ ಹೆಣ್ಣುಗಿಡದ ಪುಟ್ಟ ಕೊಡೆಯಡಿ ತಾಯಿಯಿಂದಲೇ ಉಂಡು, ಬೀಜಕಗಳನ್ನು ಚೆಲ್ಲಿ ಮುಗಿದುಹೋಗುವ ಕೂಸು.

ಇನ್ನೊಂದು ಸಂಗತಿ. ತುಮಕೂರು ಜಿಲ್ಲೆಯ ಚೇಳೂರಿನ ಸಿದ್ದು ಹಲಸಿನ ಕೆಂಪು ತೊಳೆ ನಮಗೆಲ್ಲ ಗೊತ್ತು. ಬೀಜ ಊರಿದರೆ ಅದೇ ತೊಳೆ ಬರುವ ಖಾತ್ರಿ ಇಲ್ಲ, ಕಸಿಯೇ ಕಟ್ಟಬೇಕು. ಮಾರ್ಕಾಂಶಿಯ ಈ ಕೆಲಸವನ್ನು ಮಳೆಹನಿಯಿಂದ ಮಾಡಿಸಿಕೊಳ್ಳುತ್ತದೆ. ಹಾಳೆಯ ಮೇಲಿನ ಬಟ್ಟಲುಗಳಲ್ಲಿ ಜೆಮ್ಮಾ ಎಂಬ ಸಣ್ಣ ಬಿಲ್ಲೆಗಳಿರುತ್ತವೆ. ಹನಿ ಬಿದ್ದಾಗ ಅವು ಆಚೆ ಸಿಡಿದು ತಾಯಿಯ ಪಡಿಯಚ್ಚಾಗಿ ಬೆಳೆಯುತ್ತವೆ.

ಬಟ್ಟಲಲ್ಲಿರುವಾಗಲೇ ಜೆಮ್ಮಾ ಮೊಳೆಯದಂತೆ ತಡೆಯುವುದರಲ್ಲಿ ಆಕ್ಸಿನ್‌ನ ಪಾತ್ರವಿದೆ. ಮರದ ಚಿಗುರನ್ನು ಬೆಳಕಿನತ್ತ ಬಾಗಿಸುವುದೂ ಅದೇ ಹಾರ್ಮೋನು. ಅದರ ಸಂದೇಶ ಹಿಡಿಯುವ ಪ್ರೋಟೀನುಗಳು ಅರಾಬಿಡಾಪ್ಸಿಸ್ ಎಂಬ ಹೂಬಿಡುವ ಸಸ್ಯದಲ್ಲಿ ಆರು, ಮಾರ್ಕಾಂಶಿಯದಲ್ಲಿ ಒಂದೇ ಒಂದು. ಆರರಲ್ಲಿ ಒಂದನ್ನು ಕೆಡಿಸಿದರೆ ಉಳಿದವು ಆ ಕೊರತೆಯನ್ನು ಬಹುಮಟ್ಟಿಗೆ ಮುಚ್ಚಿಬಿಡುತ್ತವೆ. ಇರುವ ಒಂದನ್ನೇ ಕೆಡಿಸಿದರೆ ಆ ಪ್ರೋಟೀನಿನ ಕೆಲಸವೇನು ಎಂಬುದಕ್ಕೆ ಉತ್ತರ ಕಣ್ಣೆದುರು ನಿಲ್ಲುತ್ತದೆ. 1986ರಲ್ಲೇ ಮಾರ್ಕಾಂಶಿಯದ ಕ್ಲೋರೋಪ್ಲಾಸ್ಟ್ ಜಿನೋಮನ್ನು ಓದಿದ್ದಾಯಿತು, 2017ರಲ್ಲಿ ಇಡೀ ಜಿನೋಮ್ ಪ್ರಕಟವಾಯಿತು. ಫಲಕ್ಕೆ ಬರಲು ವರ್ಷಗಟ್ಟಲೆ ಕಾಯಿಸುವ ಹಲಸನ್ನು ಅರಿಯಲು ವಾರಗಳಲ್ಲಿ ಬೆಳೆಯುವ ಈ ಹಾಳೆಯ ನೆರವು ಬೇಕೇ ಬೇಕು.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಸಂಜೆ ಹೊರಗೆ ಹೋದಾಗ ಹಲಸಿನ ಕಾಂಡದ ಬಳಿ ಭೂತಗನ್ನಡಿ ಹಿಡಿದು ನಿಲ್ಲಿ. ತೊಗಟೆಗೆ ಕಂದುಗೆಂಪು ಕಲೆಯಂತೆ ಮೆತ್ತಿಕೊಂಡ ಫ್ರುಲ್ಲಾನಿಯ ಸಿಕ್ಕರೆ ಅದೂ ಲಿವರ್‌ವರ್ಟೇ. ನೋಡಿ, ಚಿತ್ರ ಬರೆದುಕೊಳ್ಳಿ. ದಯವಿಟ್ಟು ಕೆರೆದು ತೆಗೆಯಬೇಡಿ.