ದೂರದಿಂದಲೇ ಕಾಯುವ ಡಾಕ್ಟರು

ಮಕ್ಕಳೇ, ಕಾಯಿಲೆ ಜೋರಾದವರನ್ನು ಆಸ್ಪತ್ರೆಯ ಐಸಿಯುನಲ್ಲಿ ಮಲಗಿಸುತ್ತಾರೆ. ಹೆಸರು ಕೇಳಿ ಹೆದರಬೇಡಿ. ಹಗಲೂ ರಾತ್ರಿ ರೋಗಿಯ ಮೇಲೆ ಕಣ್ಣಿಟ್ಟಿರುವ ಜಾಗ ಅದು.

ಅಲ್ಲಿ ರೋಗಿಯ ಬೆರಳಿಗೆ ಪುಟ್ಟ ಕ್ಲಿಪ್ ಹಾಕಿರುತ್ತಾರೆ. ಅದರಿಂದ ಹೊರಟ ಎರಡು ಬಗೆಯ ಬೆಳಕು ಬೆರಳನ್ನು ಹಾದುಹೋಗುತ್ತವೆ: ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಅವಕೆಂಪು. ಆಮ್ಲಜನಕ ತುಂಬಿದ ರಕ್ತ ಕೆಂಪು ಬೆಳಕನ್ನು ಹಾಯಲು ಬಿಡುತ್ತದೆ. ಆಮ್ಲಜನಕ ಕಡಿಮೆಯಾದ ರಕ್ತ ಅದನ್ನು ಹೆಚ್ಚು ಹೀರುತ್ತದೆ. ಎರಡು ಬೆಳಕೂ ಎಷ್ಟೆಷ್ಟು ಉಳಿದವು ಎಂದು ಲೆಕ್ಕಹಾಕಿ ಯಂತ್ರ ರಕ್ತದ ಆಮ್ಲಜನಕದ ಮಟ್ಟವನ್ನು ನೂರಕ್ಕೆ 97, 98 ಎಂದು ತೋರಿಸುತ್ತದೆ. ಸೂಜಿ ಚುಚ್ಚುವುದೇ ಬೇಡ! ಎಷ್ಟು ಚೆಂದದ ಉಪಾಯ, ಅಲ್ಲವೇ?

ದೇಹದ ಸುದ್ದಿ ಹೀಗೆ ಅಂಕಿಯಾದ ಮೇಲೆ ಎಷ್ಟು ದೂರಕ್ಕಾದರೂ ಹೋಗಬಲ್ಲದು. ಬೇರೆ ಊರಿನಲ್ಲಿ ಕುಳಿತ ಪರಿಣತ ಡಾಕ್ಟರು ಕಂಪ್ಯೂಟರಿನಲ್ಲಿ ಅದನ್ನು ನೋಡುತ್ತಾರೆ, ಕ್ಯಾಮೆರಾದಲ್ಲಿ ರೋಗಿಯನ್ನೂ ನೋಡಿ ಅಲ್ಲಿನ ನರ್ಸ್ ಜೊತೆ ಮಾತಾಡುತ್ತಾರೆ. ಇದೇ ಟೆಲಿ-ಐಸಿಯು.

ಇದರ ದೊಡ್ಡ ಲಾಭ ಸಣ್ಣ ಕೆಲಸಗಳಲ್ಲಿದೆ. ಉಸಿರಾಡಿಸುವ ಯಂತ್ರ, ಅಂದರೆ ವೆಂಟಿಲೇಟರ್, ಹಾಕಿಸಿಕೊಂಡವರನ್ನು ಚಪ್ಪಟೆಯಾಗಿ ಮಲಗಿಸಿದರೆ ಬಾಯಿಯ, ಹೊಟ್ಟೆಯ ದ್ರವ ರೋಗಾಣುಗಳ ಸಮೇತ ಶ್ವಾಸಕೋಶಕ್ಕೆ ಜಾರಿ ನ್ಯುಮೋನಿಯಾ ಆಗಬಹುದು. ಅದಕ್ಕೇ ಹಾಸಿಗೆಯ ತಲೆಭಾಗವನ್ನು ಎತ್ತರಿಸಿಡಬೇಕು. ಕೆಲಸದ ಒತ್ತಡದಲ್ಲಿ ಇಂಥದ್ದು ಮರೆತುಹೋಗುತ್ತದೆ. ದೂರದ ಕಣ್ಣು ನೆನಪಿಸುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ನಗರದಲ್ಲಿ ಒಂದು ದೊಡ್ಡ ಆಸ್ಪತ್ರೆ ಈ ವ್ಯವಸ್ಥೆ ಮಾಡಿಕೊಂಡಿತು. 2011ರಲ್ಲಿ ಪ್ರಕಟವಾದ ಅದರ ಅಧ್ಯಯನದಲ್ಲಿ, ವೆಂಟಿಲೇಟರಿನವರಿಗೆ ತಗಲುವ ಈ ನ್ಯುಮೋನಿಯಾ ನೂರಕ್ಕೆ 13ರಿಂದ 2ಕ್ಕಿಂತ ಕೆಳಗಿಳಿದಿತ್ತು. ರೋಗಿಗಳು ಬೇಗ ಮನೆಗೂ ಹೋದರು.

ಆದರೆ ದೂರದ ಡಾಕ್ಟರು ಹಾಸಿಗೆ ಎತ್ತರಿಸಲಾರರು, ಔಷಧಿ ಕೊಡಲಾರರು. ಆ ಕೆಲಸ ಮಾಡುವ ಕೈಗಳು ರೋಗಿಯ ಪಕ್ಕದಲ್ಲಿರುವ ನರ್ಸ್ ಅವರವು. ಅವರಿಲ್ಲದ ಕಡೆ ಎಷ್ಟು ಪರದೆ ಇಟ್ಟರೂ ಪ್ರಯೋಜನವಿಲ್ಲ.

ನಮ್ಮಲ್ಲೂ ದೂರದ ಚಿಕಿತ್ಸೆ ಹೊಸದಲ್ಲ. 2002ರಲ್ಲೇ ಇಸ್ರೋ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಉಪಗ್ರಹದ ಸಂಪರ್ಕವಾಯಿತು. ಹೃದಯದ ಕಾಯಿಲೆಯವರ ವಿವರಗಳು ಸುಮಾರು 36,000 ಕಿ.ಮೀ. ಮೇಲಿರುವ ಉಪಗ್ರಹಕ್ಕೆ ಏರಿ, ಅಲ್ಲಿಂದ ಬೆಂಗಳೂರಿಗೆ ಇಳಿಯುತ್ತಿದ್ದವು. ಆ ಪಯಣಕ್ಕೆ ಹಿಡಿಯುತ್ತಿದ್ದುದು ಸುಮಾರು ಕಾಲು ಸೆಕೆಂಡು!