ಉಪ್ಪಿನ ಕೊಳದಲ್ಲಿ ಬಿಸಿಲಿನ ಶಾಖ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹುಲಿಹೈದರದಲ್ಲಿ ಮಳೆಗೆ ಬರ ಉಂಟು, ಬಿಸಿಲಿಗೆ ಇಲ್ಲ. ಗಂಗಾವತಿ ಕಡೆಗೆ ಹೋದರೆ ಕಾಲುವೆ ನೀರು ನಿಂತು ಸವಳಾದ ಹೊಲಗಳು ಕಾಣುತ್ತವೆ. ಅಂಥ ಎರಡು ಎಕರೆ ಹೊಲದ ರೈತನ ಮಗನೊಬ್ಬ ನನ್ನ ತರಗತಿಯಲ್ಲಿದ್ದಾನೆ. "ಸರ್, ಉಪ್ಪುನೀರಿನಲ್ಲಿ ಬಿಸಿಲಿನ ಶಾಖ ಕೂಡಿಡಬಹುದಂತೆ. ನಮ್ಮ ಹೊಲದಾಗ ಆಗ್ತದೇನ್ರಿ?" ಎಂದು ಕೇಳಿದ. ನಾನು ಉರ್ದು, ಕನ್ನಡ ಕಲಿಸುವವನು. ಉತ್ತರ ಹೇಳಲು ಓದಬೇಕಾಯಿತು.

ಕೆರೆಯ ತಳದ ನೀರು ಬಿಸಿಯಾದರೆ ಹಗುರಾಗಿ ಮೇಲೆ ಬರುತ್ತದೆ, ಶಾಖ ಗಾಳಿಗೆ ಹೋಗುತ್ತದೆ. ತಳದಲ್ಲಿ ಗಟ್ಟಿ ಉಪ್ಪುನೀರು, ಮೇಲೆ ಬಂದಂತೆ ಉಪ್ಪು ಕಡಿಮೆ ಇರುವಂತೆ ಮಾಡಿದರೆ ತಳದ ನೀರು ಕಾದರೂ ಭಾರವಾಗಿಯೇ ಉಳಿಯುತ್ತದೆ. ಮೇಲೇಳಲು ಅದಕ್ಕೆ ದಾರಿಯಿಲ್ಲ. ನಡುವಿನ ಪದರ ರಜಾಯಿಯಂತೆ ಹೊದ್ದು ಶಾಖವನ್ನು ಕಾಯುತ್ತದೆ. ಬಿಸಿಲು ಮಾತ್ರ ಅದನ್ನು ದಾಟಿ ಕೆಳಗಿಳಿಯುತ್ತದೆ. ವಿದ್ಯಾರ್ಥಿಗಳೇ, ಗಾಜಿನ ಲೋಟದಲ್ಲಿ ಬಣ್ಣ ಹಾಕಿದ ಗಟ್ಟಿ ಉಪ್ಪುನೀರಿನ ಮೇಲೆ ಚಮಚದ ಬೆನ್ನಿನಿಂದ ಮೆಲ್ಲಗೆ ಬರಿನೀರು ಸುರಿದು ನೋಡಿ, ಎರಡೂ ಬೇರೆಯಾಗಿಯೇ ನಿಲ್ಲುತ್ತವೆ.

ಇದನ್ನು ಮನುಷ್ಯ ಕಂಡುಹಿಡಿದದ್ದಲ್ಲ, ಕಂಡದ್ದು. ಈಗ ರುಮೇನಿಯಾದಲ್ಲಿರುವ ಟ್ರಾನ್ಸಿಲ್ವೇನಿಯಾದ ಮೆದ್ವೆ ಸರೋವರದಲ್ಲಿ 1.3 ಮೀಟರ್ ಆಳಕ್ಕೆ 70 ಡಿಗ್ರಿ ಬಿಸಿ ಇರುವುದನ್ನು ಕಲೆಚಿನ್ಸ್ಕಿ ಎಂಬ ವಿಜ್ಞಾನಿ 1902ರಲ್ಲಿ ವರದಿ ಮಾಡಿದರು. ಆಮೇಲೆ ಜನ ಕೊಳ ಕಟ್ಟಿದರು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 240 ಚದರ ಮೀಟರಿನ ಕೊಳವೊಂದು ಪ್ರಯೋಗಕ್ಕೆ ಸಿದ್ಧವಾಯಿತು. ಗುಜರಾತಿನ ಭುಜ್‌ನಲ್ಲಿ 6000 ಚದರ ಮೀಟರಿನ ಕೊಳ 1993ರಿಂದ ಕೆಲವು ವರ್ಷ ಹಾಲಿನ ಡೇರಿಗೆ ಬಿಸಿನೀರು ಕೊಟ್ಟಿತು.

ಇಷ್ಟು ಓದಿ ಹುಡುಗನಿಗೆ "ಇಲ್ಲಪ್ಪಾ" ಎನ್ನಬೇಕಾಯಿತು. ಹೇಳಲು ನನಗೂ ಸಂಕಟವಾಯಿತು. ಒಂದು ಚದರ ಮೀಟರಿಗೇ ಕ್ವಿಂಟಲ್‌ಗಟ್ಟಲೆ ಉಪ್ಪು ಬೇಕು, ಸವಳು ನೆಲದ ಉಪ್ಪು ಅದಕ್ಕೆ ಯಾವ ಮೂಲೆಗೂ ಸಾಲದು. ಮೇಲ್ಪದರದ ನೀರು ದಿನಾ ಆವಿಯಾಗುತ್ತದೆ, ಅಷ್ಟು ಸಿಹಿನೀರು ತುಂಬುತ್ತಲೇ ಇರಬೇಕು. ಇಲ್ಲಿ ಕುಡಿಯುವ ನೀರಿಗೇ ಕೊಡಗಳ ಸಾಲು! ತಳದ ಹಾಳೆ ಒಂದು ಕಡೆ ಹರಿದರಂತೂ ಪಕ್ಕದವನ ಹೊಲವೂ ಸವಳು. ಕಚ್ಛ್‌ನಲ್ಲಿ ಉಪ್ಪು ಕೈಗೆಟಕುವಷ್ಟು ಹತ್ತಿರ, ಅಲ್ಲಿಯ ಲೆಕ್ಕವೇ ಬೇರೆ. ನಮ್ಮ ಹಾಸ್ಟೆಲ್ ಮಕ್ಕಳ ಸ್ನಾನಕ್ಕೆ ಮಾಳಿಗೆ ಮೇಲಿನ ಸೋಲಾರ್ ಹೀಟರೇ ವಾಸಿ.

ಹುಡುಗ ಸುಮ್ಮನಾಗಲಿಲ್ಲ. "ಹಂಗಾದ್ರ ನಮ್ಮ ಹೊಲದ ಉಪ್ಪು ತೆಗಿಯೋದು ಹೆಂಗ್ರಿ ಸರ್?" ಎಂದ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆಯೇ ಸಂಶೋಧನೆ ನಡೆದಿದೆ. ಅವನನ್ನೂ ಅವನ ತಂದೆಯನ್ನೂ ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅಂಥ ಹೊಲ ಇದ್ದವರು ಸಭೆ ಮುಗಿದ ಮೇಲೆ ನನಗೆ ಹೆಸರು ಕೊಡಿ, ಒಟ್ಟಿಗೇ ಹೋಗೋಣ.